ಬರೀ ಚಾರ್ಜಿಗೆ

"ಹಾಡು ಕೇಳ್ತಿಲ್ಲ ಡಾಕ್ಟ್ರೇ, ಬರೀ ಚಾರ್ಜಿಗೆ ಹಾಕಿದ್ದೀನಿ." ಈ ಮಾತನ್ನು ಆ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳುವವರಿಗೆ ಬೇಸರ ಬರುತ್ತಿರಲಿಲ್ಲ, ಕೇಳುವ ನನಗೆ ಯಾವತ್ತೋ ಬಂದಿತ್ತು.

ನಾನು ಡಾಕ್ಟರಲ್ಲ. ದೊಡ್ಡ ಆಸ್ಪತ್ರೆಯೊಂದರ ವರದಿ ಕೋಣೆಯಲ್ಲಿ ಹನ್ನೊಂದು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಏನೇ ಆಗಲಿ, ಡಾಕ್ಟರುಗಳು ಕೋಳಿ ಕಾಲಿನಂಥ ಅಕ್ಷರದಲ್ಲಿ ಗೀಚಿದ ಚೀಟಿ ಆ ಕೋಣೆಗೆ ಬರುತ್ತದೆ. ಟೈಪಿಸ್ಟರು ಅದನ್ನು ಮನುಷ್ಯರು ಓದುವಂಥ ವರದಿ ಮಾಡಿ ವಾರ್ಡುಗಳಿಗೆ ಕಳಿಸುತ್ತಾರೆ. ನಿಜವಾದ ಡಾಕ್ಟರುಗಳೇ ತುಂಬಿರುವ ಕಟ್ಟಡದಲ್ಲಿ ನನ್ನನ್ನು "ಪೆಟ್ಟಿಗೆ ಡಾಕ್ಟ್ರು" ಎಂದು ಕರೆಯುವುದು ಟೈಪಿಸ್ಟರಿಗೊಂದು ತಮಾಷೆ. ಮೊದಲ ವರ್ಷ ನಾನೂ ನಕ್ಕೆ. ಇದು ಹದಿನಾರನೆಯ ವರ್ಷ.

ಆ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ಇಲ್ಲ. ರೋಗಿಗಳ ವಿಷಯ ಹೊರಗೆ ಹೋಗಬಾರದು, ಹೊರಗಿನ ವೈರಸ್ ಒಳಗೆ ಬರಬಾರದು ಎಂದು ಬೇಕೆಂದೇ ಕೊಟ್ಟಿಲ್ಲ. ಹಾಗಾಗಿ ವೈರಸ್ ಬರಬೇಕೆಂದರೆ ಯಾರಾದರೂ ಕೈಯಾರೆ ತಂದು ಚುಚ್ಚಬೇಕು. ತರುವುದಕ್ಕೆ ನಮ್ಮವರ ಹತ್ತಿರ ಬೆರಳುದ್ದದ ಮ್ಯೂಸಿಕ್ ಪ್ಲೇಯರ್‌ಗಳಿದ್ದವು. ನಾಲ್ಕು ಪ್ರಿಂಟರ್‌ಗಳು ಬೆಳಗಿನಿಂದ ಸಂಜೆಯವರೆಗೆ ಕಟಕಟ ಎನ್ನುವ ಕೋಣೆಯಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಳ್ಳದೆ ಕೂರುವುದು ಕಷ್ಟ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಸಾಯುತ್ತಿತ್ತು. ಗೋಡೆಯ ಪ್ಲಗ್ಗುಗಳನ್ನೆಲ್ಲ ಪ್ರಿಂಟರ್, ಫ್ಯಾನುಗಳು ಹಿಡಿದಿದ್ದವು. ಕಂಪ್ಯೂಟರಿನ ಮುಂದಿನ ತೂತು ಮಾತ್ರ ಖಾಲಿ ಇರುತ್ತಿತ್ತು.

"ನೀವು ಹಾಕಿದ್ದು ಚಾರ್ಜಿಗೆ ಅಂತ ವೈರಸ್‌ಗೆ ಗೊತ್ತಾಗಲ್ಲ. ಬಾಗಿಲು ಯಾಕೆ ತೆಗೆದ್ರಿ ಅಂತ ಅದು ಕೇಳಲ್ಲ. ತೆಗೆದಿದೆ, ಒಳಗೆ ಬರುತ್ತೆ, ಅಷ್ಟೆ" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಗೋಡೆಗೆ ನೋಟೀಸು ಅಂಟಿಸಿದೆ, ಅದರ ಮೇಲೆ ಯಾರೋ ರಜೆಯ ಪಟ್ಟಿ ಅಂಟಿಸಿದರು. ವಾರ್ಡಿನ ನರ್ಸನ್ನು ಕಾಡಿ ಬೇಡಿ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರು ತಂದು ಹನ್ನೊಂದೂ ಕಂಪ್ಯೂಟರಿನ ತೂತು ಮುಚ್ಚಿದೆ. ಎರಡೇ ದಿನದಲ್ಲಿ ಎಲ್ಲ ಪ್ಲಾಸ್ಟರುಗಳೂ ಒಂದು ಮೂಲೆ ಎತ್ತಿಕೊಂಡು ನನ್ನನ್ನು ಅಣಕಿಸುತ್ತಿದ್ದವು.

ಮೂಲೆ ಎತ್ತುವವರಲ್ಲಿ ಚಿಕ್ಕಮ್ಮನೂ ಒಬ್ಬರು. ಅವರು ನನಗಿಂತ ಏಳು ವರ್ಷಕ್ಕೆ ಚಿಕ್ಕವರು. ಆದರೂ ಕಾವಲುಗಾರನಿಂದ ಹಿಡಿದು ಮೇಲ್ವಿಚಾರಕರವರೆಗೆ ಎಲ್ಲರಿಗೂ ಚಿಕ್ಕಮ್ಮ ಆದಮೇಲೆ ನನಗೂ ಚಿಕ್ಕಮ್ಮನೇ. ಯಾವ ಡಾಕ್ಟರು ಹೇಗೆ ಗೀಚಿದರೂ ಓದಬಲ್ಲವರು ಅವರೊಬ್ಬರೇ. ಬರೆದ ಡಾಕ್ಟರಿಗೇ ಓದಲಾಗದ್ದನ್ನು ಅವರು ಓದಿ ಹೇಳಿದ್ದನ್ನು ನಾನು ಕಂಡಿದ್ದೇನೆ. ಅವರ ಎಡಗಿವಿಯಲ್ಲಿ ಬಹಳ ವರ್ಷದಿಂದ ಒಂದು ಸಣ್ಣ ಸಿಳ್ಳೆ ನಿಂತೇ ಇಲ್ಲವಂತೆ. ಹಾಡು ಇದ್ದರೆ ಅದು ಕೇಳಿಸುವುದಿಲ್ಲ. "ನೀವು ಹಾಡು ನಿಲ್ಲಿಸು ಅಂತೀರಿ, ಈ ಸಿಳ್ಳೆ ಹೊಡೆಯೋನನ್ನ ಯಾರು ನಿಲ್ಲಿಸ್ತಾರೆ ಡಾಕ್ಟ್ರೇ?" ಎಂದು ಒಮ್ಮೆ ಕೇಳಿದ್ದರು. ನಾನು ಪ್ಲೇಯರ್ ಕಿತ್ತು ಅವರ ಕೈಗೆ ಕೊಟ್ಟೆ.

ಅವರು ಹನ್ನೊಂದು ವರ್ಷದಿಂದ ಹಂಗಾಮಿ. ಹಂಗಾಮಿಗಳಿಗೆ ರಜೆ ಇಲ್ಲ, ಬಾರದ ದಿನಕ್ಕೆ ಹಾಜರಿಯೂ ಇಲ್ಲ. "ನನಗೆ ಜ್ವರ ಬಂದ್ರೂ ಭಾನುವಾರವೇ ಬರಬೇಕು" ಎನ್ನುತ್ತಿದ್ದರು. ಈ ಸಲ ಒಂದು ಹುದ್ದೆ ಕಾಯಂ ಆಗುವುದಿತ್ತು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮೇಲಿನವರ ಸಮಿತಿ ಕೂರುವುದಿತ್ತು, ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರೇ ಮೊದಲು. ಈ ಸಲ ತಪ್ಪಿದರೆ ವಯಸ್ಸು ಮೀರಿ ಮತ್ತೆ ಅವರನ್ನು ಯಾರೂ ಕರೆಯುವಂತಿರಲಿಲ್ಲ. ಕಾಯಂ ಆದರೆ ಏನು ಮಾಡುತ್ತೀರಿ ಎಂದು ಪಕ್ಕದವರು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಒಂದು ದಿನ ರಜೆ ಹಾಕಿ ಮಲಗ್ತೀನಿ. ಯಾರೂ ಎಬ್ಬಿಸಬಾರದು."

ಆ ವಾರದ ಮಂಗಳವಾರ ಬೆಳಗ್ಗೆ ಕಂಪ್ಯೂಟರ್ ತೆರೆದರೆ ವರದಿಗಳಿರಲಿಲ್ಲ. ಫೋಲ್ಡರುಗಳ ಹೆಸರೆಲ್ಲ ಹಾಗೆಯೇ ಇದ್ದವು, ಒತ್ತಿದರೆ ಒಳಗೇನೂ ಇಲ್ಲ. ವೈರಸ್ ನಿಜವಾದ ಫೋಲ್ಡರುಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಸುಳ್ಳು ಫೋಲ್ಡರುಗಳನ್ನು ಮುಂದಿಟ್ಟಿತ್ತು. ಹನ್ನೊಂದರಲ್ಲೂ ಅದೇ ಕಥೆ. ವಾರ್ಡುಗಳಿಂದ ಫೋನಿನ ಮೇಲೆ ಫೋನು. ಆಪರೇಷನ್ನಿಗೆ ಸಿದ್ಧವಾಗಿದ್ದವರನ್ನು ವರದಿ ಇಲ್ಲವೆಂದು ತಿರುಗಿ ಹಾಸಿಗೆಗೆ ಕಳಿಸಿದರಂತೆ. ಮೇಲ್ವಿಚಾರಕರು ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅವರು ಕೂಗುವವರಲ್ಲ, ಅದೇ ಕಷ್ಟ.

"ಎಲ್ಲರೂ ಕೈ ಮೇಜಿನ ಮೇಲಿಡಿ. ಯಾವ ಯಾವ ಕಂಪ್ಯೂಟರ್‌ನಲ್ಲಿ ಏನೇನು ಚುಚ್ಚಿದೆ, ಇವರು ನೋಡ್ತಾರೆ" ಎಂದು ನನ್ನತ್ತ ಕೈ ತೋರಿಸಿದರು.

ಉಳಿದವರು ಅಷ್ಟರಲ್ಲಿ ತಮ್ಮ ತಮ್ಮದನ್ನು ಕಿತ್ತು ಚೀಲಕ್ಕೆ ಸೇರಿಸಿಯಾಗಿತ್ತು. ಕಾಣೆಯಾದ ವರದಿಯೊಂದನ್ನು ಚಿಕ್ಕಮ್ಮ ನೆನಪಿನಿಂದ ಮತ್ತೆ ಟೈಪ್ ಮಾಡುತ್ತ ಕೂತಿದ್ದರು, ಅವರದ್ದು ಚುಚ್ಚಿದಂತೆಯೇ ಇತ್ತು. ನಾನು ಅದನ್ನು ತೆಗೆದು ಪರೀಕ್ಷಿಸಿದೆ. ವೈರಸ್ ಅದರಲ್ಲಿ ಇತ್ತು.

ಕಳ್ಳ ಸಿಕ್ಕಿದ ಎಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಎಷ್ಟು ವರ್ಷದಿಂದ ಹೇಳಿದ್ದೆ, ಈಗಲಾದರೂ ಗೊತ್ತಾಗಲಿ ಎನ್ನುವ ಸಂತೋಷ. ಅದೇ ಬಿಸಿಯಲ್ಲಿ ಮೇಲ್ವಿಚಾರಕರು ಕೇಳಿದ ಪತ್ರವನ್ನು ಕೈಯಲ್ಲೇ ಬರೆದುಕೊಟ್ಟೆ: ಹಲವು ಸಲ ಎಚ್ಚರಿಸಿದರೂ ಲೆಕ್ಕಿಸದೆ ಇಂಥವರು ತಮ್ಮ ಪ್ಲೇಯರನ್ನು ಚುಚ್ಚಿದ್ದರಿಂದ ಸೋಂಕು ಹರಡಿದೆ. ಮೇಲ್ವಿಚಾರಕರು ಚಿಕ್ಕಮ್ಮನನ್ನು ಕರೆಸಿ ಓದಿಸಿ ಕೆಳಗೆ ಸಹಿ ಮಾಡಿಸಿಕೊಂಡರು. ಚಿಕ್ಕಮ್ಮ ಸಹಿ ಮಾಡಿ ಹೋಗಿ ತಮ್ಮ ಜಾಗದಲ್ಲಿ ಕೂತರು. ಮರುದಿನದಿಂದ ಅವರ ಕಿವಿಯಲ್ಲಿ ಹಾಡಿರಲಿಲ್ಲ. ಆಗಾಗ ತಲೆಯನ್ನು ಎಡಕ್ಕೆ ವಾಲಿಸಿ, ಕಿವಿಯನ್ನು ಭುಜಕ್ಕೆ ಒತ್ತಿಕೊಂಡು ಟೈಪ್ ಮಾಡುತ್ತಿದ್ದರು.

ಬಚ್ಚಿಟ್ಟ ಫೋಲ್ಡರುಗಳನ್ನು ಒಂದೊಂದಾಗಿ ಹೊರಗೆಳೆಯುವುದರಲ್ಲಿ ಬುಧವಾರ ಕಳೆಯಿತು. ಗುರುವಾರ ಮಧ್ಯಾಹ್ನ ಕೊನೆಯ ಕಂಪ್ಯೂಟರನ್ನು ತೊಳೆಯುವ ಮುಂಚೆ ಸುಮ್ಮನೆ ಒಂದು ಸಲ ವೈರಸ್ ಯಾವಾಗ ಬಂದು ಕೂತಿತು ಎಂದು ನೋಡಿದೆ. ಸೋಮವಾರ, ಬೆಳಗ್ಗೆ ಎಂಟು ಐವತ್ತು. ಟೈಪಿಸ್ಟರು ಬರುವುದು ಒಂಬತ್ತಕ್ಕೆ.

ಕಂಪ್ಯೂಟರಿನ ಗಡಿಯಾರ ತಪ್ಪಿರಬೇಕು ಎಂದುಕೊಂಡೆ. ಆದರೆ ಆ ಗಡಿಯಾರಗಳನ್ನು ಸರಿಯಿಡುವವನೂ ನಾನೇ. ಉಳಿದ ಹತ್ತನ್ನು ತೊಳೆಯುವಾಗ ಸಮಯಕ್ಕೆ ಗಮನ ಕೊಡದೆ ಬರೆದಿಟ್ಟುಕೊಂಡ ಚೀಟಿಗಳನ್ನು ತೆಗೆದೆ. ಕಿಟಕಿ ಪಕ್ಕದ ಕಂಪ್ಯೂಟರ್ ಎಂಟು ಇಪ್ಪತ್ತು. ಅದರ ಪಕ್ಕದ್ದು ಎಂಟು ಇಪ್ಪತ್ತಮೂರು. ಹೀಗೇ ಮೂರು ಮೂರು ನಿಮಿಷಕ್ಕೊಂದರಂತೆ ಕಿಟಕಿಯಿಂದ ಬಾಗಿಲವರೆಗೆ ಹನ್ನೊಂದು. ಚಿಕ್ಕಮ್ಮನ ಪ್ಲೇಯರಿಗೆ ಅದು ಹತ್ತಿದ್ದು ಅದೇ ಸೋಮವಾರ ಮಧ್ಯಾಹ್ನ ಒಂದು ನಲವತ್ತಕ್ಕೆ. ಅಂದರೆ ಅವರು ವೈರಸ್ ತಂದಿರಲಿಲ್ಲ, ಇಲ್ಲಿಂದ ಅಂಟಿಸಿಕೊಂಡಿದ್ದರು.

ಸೋಮವಾರ ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಆ ಕೋಣೆಯ ಬೀಗ ತೆಗೆದು, ಕಿಟಕಿಯಿಂದ ಬಾಗಿಲವರೆಗೆ ಒಂದೊಂದೇ ಕಂಪ್ಯೂಟರಿನ ಮುಂದೆ ಬಗ್ಗುವವನು ಒಬ್ಬನೇ. ವೈರಸ್ ತಡೆಯುವ ತಂತ್ರಾಂಶಕ್ಕೆ ವಾರಕ್ಕೊಮ್ಮೆ ಹೊಸ ಮದ್ದು ಹಾಕಬೇಕು. ಇಂಟರ್‌ನೆಟ್ ಇಲ್ಲದ್ದರಿಂದ ಅದನ್ನು ಹೊರಗಿನಿಂದ ಹೊತ್ತು ತರಬೇಕು. ಹಳೆಯ ಪೆನ್ ಡ್ರೈವ್ ಕೆಟ್ಟು ಎಂಟು ತಿಂಗಳಾಗಿತ್ತು, ಹೊಸದಕ್ಕೆ ಕೊಟ್ಟ ಅರ್ಜಿ ಸ್ಟೋರಿನ ಯಾವ ಕಾಗದದ ಕೆಳಗೆ ಮಲಗಿತ್ತೋ. ಅಲ್ಲಿಯವರೆಗೆ ಇರಲಿ ಎಂದು ಭಾವಮೈದುನ ಬಿಸಾಡಿದ್ದ ಪ್ಲೇಯರೊಂದನ್ನು ತಂದಿದ್ದೆ. ಅದರ ಹಾಡುಗಳನ್ನು ಅಳಿಸಿ, ಪ್ರತಿ ಭಾನುವಾರ ಮನೆಯ ಕಂಪ್ಯೂಟರಿನಿಂದ ಮದ್ದು ತುಂಬಿಕೊಂಡು ಬರುತ್ತಿದ್ದೆ. ಅದರಲ್ಲಿ ಹಾಡಿಲ್ಲವಲ್ಲ, ಹಾಗಾಗಿ ಅದು ಪ್ಲೇಯರ್ ಎನ್ನುವುದೇ ನನಗೆ ಮರೆತುಹೋಗಿತ್ತು. ಎಂಟು ತಿಂಗಳು ಅದನ್ನು ಜೇಬಿನಲ್ಲಿಟ್ಟುಕೊಂಡೇ ಎಲ್ಲರಿಗೂ ಪ್ಲೇಯರ್ ತರಬೇಡಿ ಎಂದು ಉಪದೇಶ ಮಾಡಿದ್ದೆ. ಜೇಬಿನಿಂದ ತೆಗೆದು ನೋಡಿದೆ. ಅದರಲ್ಲೂ ಅದೇ ವೈರಸ್ ಇತ್ತು, ಭಾನುವಾರ ಸಂಜೆ ಏಳು ಗಂಟೆಯದ್ದು. ಆ ವಾರದ ಮದ್ದಿಗೆ ಆ ಹೊಸ ರೋಗದ ಗುರುತು ಇರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಭಾವಮೈದುನನಿಗೆ ಫೋನು ಮಾಡಿದೆ. ಮನೆ ಸಿಗುವವರೆಗೆ ಎಂದು ನಮ್ಮಲ್ಲಿಗೆ ಬಂದವನು, ಬಂದು ಎರಡು ವರ್ಷ.

"ಭಾನುವಾರ ಸಂಜೆ ನಮ್ಮ ಕಂಪ್ಯೂಟರ್‌ಗೆ ಯಾರದೇನು ಚುಚ್ಚಿದ್ದೆ?"

"ನನ್ನದಲ್ಲ ಭಾವ, ಪಕ್ಕದ ಮನೆಯವನದ್ದು" ಎಂದ. "ಬರೀ ಚಾರ್ಜಿಗೆ."

ಫೋನು ಇಟ್ಟುಬಿಟ್ಟೆ. ಚೀಟಿಗಳನ್ನು ಹಿಡಿದು ಮೇಲ್ವಿಚಾರಕರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಿಮ್ಮ ಪತ್ರ ಆಗಲೇ ಸಮಿತಿಗೆ ಹೋಗಿದೆ. ಬಾಯಿ ಮಾತಿನಿಂದ ಅದು ವಾಪಸ್ ಬರಲ್ಲ. ಬರೆದು ಕೊಡ್ತೀರಾ, ನಾಳೆ ಮಧ್ಯಾಹ್ನದೊಳಗೆ ಕೊಡಿ, ಕಳಿಸ್ತೀನಿ. ಆದರೆ ಮನೆಯಿಂದ ಪ್ಲೇಯರ್ ತಂದು ಹನ್ನೊಂದಕ್ಕೂ ಚುಚ್ಚಿದವರು ನೀವೇ ಅಂತ ಬರೆದ್ರೆ, ವಿಚಾರಣೆ ನಿಮ್ಮ ಮೇಲೆ. ರಿಟೈರ್ ಆಗೋಕೆ ನಿಮಗಿನ್ನು ಎಷ್ಟು ವರ್ಷ ಇದೆ?"

"ಮೂರು."

"ಯೋಚನೆ ಮಾಡಿ" ಎಂದು ಕನ್ನಡಕ ಹಾಕಿಕೊಂಡರು.

ಆಗಲೇ ಬರೆದುಕೊಟ್ಟೆ ಎಂದು ಹೇಳಲು ಆಸೆ. ಕೊಡಲಿಲ್ಲ. ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಯೋಚಿಸಿದೆ, ಊಟಕ್ಕೆ ಕೂತು ಯೋಚಿಸಿದೆ. ಹದಿನಾರು ವರ್ಷದ ದುಡಿಮೆಗೆ ಕೊನೆಯಲ್ಲಿ ಒಂದು ಕೆಂಪು ಗುರುತು ಬೇಕೇ ಎಂದಿತು ಮನಸ್ಸು. ಅವರು ಪ್ಲೇಯರ್ ಚುಚ್ಚಿದ್ದಂತೂ ನಿಜ ತಾನೇ ಎಂದೂ ಅಂದಿತು. ಆ ಮಾತು ನನಗೆ ಹಿಡಿಸಿತು, ಹಿಡಿಸಿದ್ದಕ್ಕೆ ನಾಚಿಕೆಯೂ ಆಯಿತು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ಚಿಕ್ಕಮ್ಮ ಬಂದು ಕೂತಿದ್ದರು. ಕೋಣೆಯಲ್ಲಿ ನಾವಿಬ್ಬರೇ. ನಾನು ಅವರ ಪಕ್ಕ ಕುರ್ಚಿ ಎಳೆದುಕೊಂಡು ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅವರು ಚೀಟಿಗಳನ್ನು ತೆಗೆದುಕೊಂಡು, ಡಾಕ್ಟರ ಗೀಚನ್ನು ಓದುವಂತೆಯೇ ಒಂದೊಂದಾಗಿ ಓದಿದರು.

"ಅಂದ್ರೆ ನಾನಲ್ಲ" ಎಂದರು.

"ನೀವಲ್ಲ."

"ಮೂರು ದಿನದಿಂದ ಆ ಹಾಸಿಗೆಗೆ ವಾಪಸ್ ಹೋದವರ ಯೋಚನೆಯೇ ನನಗೆ. ನನ್ನ ಹಾಡಿನಿಂದ ಅವರಿಗೇನಾದ್ರೂ ಆಗಿದ್ರೆ ಅಂತ." ಕಣ್ಣು ಒರೆಸಿಕೊಂಡರು. ಆಮೇಲೆ ಕಂಪ್ಯೂಟರಿನತ್ತ ತಿರುಗಿ ಹೊಸ ಹಾಳೆ ತೆರೆದರು. "ಇದನ್ನ ಬರೆದು ಕೊಡ್ಬೇಕು ಡಾಕ್ಟ್ರೇ. ನೀವು ಎರಡು ಬೆರಳಲ್ಲಿ ಹೊಡೀತಾ ಕೂತ್ರೆ ಮೂರು ಗಂಟೆ ಆಗುತ್ತೆ. ಹೇಳಿ, ನಾನು ಹೊಡೀತೀನಿ."

ನನಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಇದ್ದಿದ್ದರೂ ಅಷ್ಟು ಹೊತ್ತಿಗೆ ನಾನು ಹೋಗುತ್ತಿರಲಿಲ್ಲ ಎಂದೇ ನಂಬಿಕೊಳ್ಳುತ್ತೇನೆ. ಹೇಳತೊಡಗಿದೆ. ನನ್ನ ಮಾತು ಮುಗಿಯುವ ಮುಂಚೆಯೇ ಅಕ್ಷರಗಳು ತೆರೆಯ ಮೇಲೆ ಇರುತ್ತಿದ್ದವು. ಪೆನ್ ಡ್ರೈವ್ ಕೆಟ್ಟದ್ದು, ಅರ್ಜಿ ಕೊಟ್ಟದ್ದು, ಹನ್ನೊಂದು ಕಂಪ್ಯೂಟರುಗಳ ಹನ್ನೊಂದು ಸಮಯ, ಎಲ್ಲವೂ.

"ಆದ್ದರಿಂದ ಸೋಮವಾರ ಬೆಳಗ್ಗೆ ನಾನು ಕಣ್ತಪ್ಪಿನಿಂದ ನನ್ನ ಸ್ವಂತ ಪ್ಲೇಯರನ್ನು ಕಂಪ್ಯೂಟರುಗಳಿಗೆ ಚುಚ್ಚಿದ್ದರಿಂದ ಸೋಂಕು ಹರಡಿದೆ" ಎಂದೆ.

ಅವರು ಪೂರ್ತಿ ಟೈಪ್ ಮಾಡಿದರು. ಬೆರಳು ನಿಂತವು. ತೆರೆಯನ್ನೇ ನೋಡುತ್ತ, ಸಿಟ್ಟಿಲ್ಲದ ದನಿಯಲ್ಲಿ, "ಕಣ್ತಪ್ಪಿನಿಂದ ಅನ್ನೋದು ನನ್ನ ಮೇಲೆ ಬರೆದ ಪತ್ರದಲ್ಲಿ ಇರ್ಲಿಲ್ಲ" ಎಂದರು.

ಪ್ರಿಂಟರುಗಳಿನ್ನೂ ಶುರುವಾಗಿರಲಿಲ್ಲ. ಅವರಿಗೆ ಆಗಲೂ ಆ ಸಿಳ್ಳೆ ಕೇಳುತ್ತಿತ್ತೇನೋ.

"ತೆಗೀರಿ ಚಿಕ್ಕಮ್ಮ" ಎಂದೆ.

ಅವರು ತೆಗೆದರು. ಆ ಮಾತು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿಹೋಯಿತು. ಮೂರು ಪ್ರತಿ ತೆಗೆದು ಕೊಟ್ಟರು, ಮೂರಕ್ಕೂ ಸಹಿ ಹಾಕಿದೆ. ಒಂದನ್ನು ಅವರು ನಾಲ್ಕಾಗಿ ಮಡಿಸಿ ತಮ್ಮ ಚೀಲದಲ್ಲಿಟ್ಟುಕೊಂಡರು. ಉಳಿದೆರಡನ್ನು ಹಿಡಿದು ನಾನು ಮೇಲ್ವಿಚಾರಕರ ಕೋಣೆಯತ್ತ ಹೊರಟೆ.