ಅತ್ತೆ ಉಜ್ಜಿದ ಫಲಕ

ನಮ್ಮ ಅತ್ತೆಗೆ ಹೊಳೆಯದ ವಸ್ತು ಕಂಡರಾಗದು. ಹಳೆಯ ಆಂಗ್ಲಿಕನ್ ಚರ್ಚಿನಲ್ಲಿ ಗಂಟೆ ಹೊಡೆಯುವ ನನಗೆ ಅವರು ಮಗಳನ್ನು ಕೊಟ್ಟದ್ದೇ ಬೋಳುತಲೆ ನೋಡಿ ಎಂದು ನನ್ನ ಗುಮಾನಿ.

ನಲವತ್ತು ವರ್ಷ ಪ್ರತಿ ಶನಿವಾರ ಅತ್ತೆ ಬೂದಿ, ನಿಂಬೆಹಣ್ಣು ಹಿಡಿದು ಚರ್ಚಿನ ಬಾಗಿಲ ಪಕ್ಕದ ಹಿತ್ತಾಳೆ ಫಲಕವನ್ನು ಉಜ್ಜಿದರು. ಕಟ್ಟಿಸಿದವರ ಹೆಸರು, ಕಟ್ಟಿದ ವರ್ಷ ಎಲ್ಲ ಅದರಲ್ಲೇ ಇತ್ತು. ಇತ್ತು ಅನ್ನುತ್ತೇನೆ, ಏಕೆಂದರೆ ಪುರಾತತ್ವ ಇಲಾಖೆಯ ಅಧಿಕಾರಿ ಬಂದು ಕನ್ನಡಕ ಏರಿಸಿ ನೋಡಿದಾಗ ಅದರಲ್ಲಿ ಕಂಡದ್ದು ಅವರದೇ ಮುಖ.

ಚರ್ಚಿಗೆ ನೂರೈವತ್ತು ವರ್ಷ ತುಂಬಿದೆ ಎಂದು ಸಾಬೀತಾದರೆ ಇಲಾಖೆ ಸೋರುವ ಚಾವಣಿ ರಿಪೇರಿ ಮಾಡಿಸುತ್ತದೆ. ಇಲ್ಲವಾದರೆ ಚರ್ಚಿಗೆ ಬೀಗ, ಹಿಂದಿರುವ ನಮ್ಮ ಎರಡು ಕೋಣೆಗೂ ಬೀಗ. ದಾಖಲೆ ಪುಸ್ತಕಗಳನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು. ವರ್ಷ ನಿಮಗಾದರೂ ನೆನಪಿದೆಯೇ ಎಂದು ಅಧಿಕಾರಿ ಕೇಳಿದರು. ದಿನಾ ಅದರ ಕೆಳಗೇ ಕೊಡೆ ಒರಗಿಸಿದ ನಾನು, ಅಕ್ಷರ ಇದ್ದ ಕಾಲದಲ್ಲೂ ತಲೆಯೆತ್ತಿ ಓದಿದವನಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಂದು ಹಿಡಿ ಬೂದಿಯನ್ನು ನೆಲದ ಮೇಲೆ ಹರಡಿ ಬೆರಳಿನಿಂದ ಬರೆಯತೊಡಗಿದರು. ಅವರಿಗೆ ಓದುಬರಹ ಬಾರದು. ಸಹಿ ಎಂದರೆ ಹೆಬ್ಬೆಟ್ಟು. ಆದರೆ ಒಂದೊಂದು ಅಕ್ಷರದ ಸಂದಿಗೂ ಬೆರಳು ತೂರಿಸಿ ಕೊಳೆ ತೆಗೆದವರು. ಐದು ಸಾಲು ಬರೆದು, ಮೂಲೆಯಲ್ಲಿ ಒಂದು ಓರೆ ಗೆರೆ ಎಳೆದರು.

"ಇದ್ಯಾವ ಅಕ್ಷರ?" ಎಂದರು ಅಧಿಕಾರಿ.

"ಅಕ್ಷರ ಅಲ್ಲ, ಅದು ಗೀರು. ತುಂಬಾ ಹಟಮಾರಿ. ಅದು ಹೋಗೋಕೆ ಹದಿನೈದು ವರ್ಷ ಬೇಕಾಯ್ತು."

ಅಧಿಕಾರಿ ಚೀಲದಿಂದ, ಯಾರೋ ಇದೇ ಬಾಗಿಲ ಬಳಿ ನಿಂತು ತೆಗೆಸಿಕೊಂಡಿದ್ದ ಒಂದು ಹಳೆಯ ಮದುವೆ ಫೋಟೋ ತೆಗೆದರು. ಮದುಮಗನ ಭುಜ ಫಲಕದ ಅರ್ಧವನ್ನು, ಅದೂ ಸರಿಯಾಗಿ ವರ್ಷವಿದ್ದ ಅರ್ಧವನ್ನೇ ಮರೆಮಾಡಿತ್ತು. ಕಾಣುತ್ತಿದ್ದ ಭಾಗ, ಆ ಗೀರಿನ ಸಮೇತ, ಬೂದಿಯ ಬರಹಕ್ಕೆ ಚಾಚೂ ತಪ್ಪದೆ ಹೊಂದಿತು. ಉಳಿದದ್ದನ್ನೂ ನಂಬದೆ ಅವರಿಗೆ ವಿಧಿಯಿರಲಿಲ್ಲ. ಚರ್ಚಿಗೆ ನೂರೈವತ್ತೆರಡು ವರ್ಷ. ಮದುವೆಯಾದ ಮೇಲೆ ಮೊದಲ ಸಲ ನನಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು.

ಚಾವಣಿ ರಿಪೇರಿಯಾಯಿತು. ಇಲಾಖೆ ಹೊಸ ಹಿತ್ತಾಳೆ ಫಲಕ ಹಾಕಿಸಿ, ಕೊನೆಯ ಸಾಲಿನಲ್ಲಿ 'ಇದನ್ನು ಉಜ್ಜಬಾರದು' ಎಂದು ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಕೆತ್ತಿಸಿತು. ಶನಿವಾರ ನಾನು ಗಂಟೆ ಹೊಡೆದು ಕೆಳಗಿಳಿದಾಗ ಅತ್ತೆ ಆ ಸಾಲಿನ ಮೇಲೇ ಬೂದಿ ಹಾಕಿ ಕೂತಿದ್ದರು.

"ಈ ಸಾಲು ಸ್ವಲ್ಪ ಆಳ ಇದೆ ಕಣಪ್ಪಾ," ಎಂದರು. "ಕೊಳೆ ಜಾಸ್ತಿ ಕೂರತ್ತೆ."