ಹೋರಿಯ ಹಗ್ಗ ಮತ್ತು ಪಾನ್ ದೆಚೂನ್

ಕೈ ಖಾಲಿಯಿದ್ದರೂ ಪಾನ್ ದೆಚೂನ್ ಹೆಗಲ ಮೇಲೆ ನೀರಿನ ಅಡ್ಡೆ ಹೊತ್ತವನಂತೆಯೇ ನಡೆಯುತ್ತಾನೆ: ಮೊಣಕೈ ಎರಡೂ ಆಚೆಗೆ ಚಾಚಿ, ಎಡಭುಜ ಒಂದಿಷ್ಟು ಇಳಿಸಿ, ಇಲ್ಲದ ಕೊಡದ ನೀರು ಚೆಲ್ಲೀತೆಂಬ ಎಚ್ಚರದಲ್ಲಿ, ಮಂದಗತಿಯಲ್ಲಿ. ಗುಯಿಝೋ ಪ್ರಾಂತ್ಯದ ನಮ್ಮ ಬೆಟ್ಟದೂರುಗಳ ಹೊಸಕ್ಕಿ ಹಬ್ಬದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಈತ ನನ್ನ ತಂಡದ ಆಟಗಾರ. ಆಡುತ್ತಾನೆ ಎನ್ನುವುದೂ ಹೆಚ್ಚೇ, ನಿಲ್ಲುತ್ತಾನೆ. ನನ್ನನ್ನು ಅಟ್ಟಿಬರುವವನಿಗೆ ಅಡ್ಡ ನಿಂತು, ಎದೆಗೆ ಗುದ್ದಿಸಿಕೊಂಡು, "ಇದೀನಿ, ಇದೀನಿ" ಎನ್ನುತ್ತಾನೆ. ಆ ಸಂದಿನಲ್ಲಿ ನಾನು ಚೆಂಡನ್ನು ಬುಟ್ಟಿಗೆ ಹಾಕುತ್ತೇನೆ.

ಆಟಕ್ಕೆ ಮೊದಲು ಅವನು ಟ್ರ್ಯಾಕ್ಟರ್ ರಿಪೇರಿಯ ನೀಲಿ ಕೋಟನ್ನು ಬಿಚ್ಚಿ, ಕೂಸಿನ ಬಟ್ಟೆಯಂತೆ ನಾಜೂಕಾಗಿ ಮಡಿಸಿ ಮೆಟ್ಟಿಲ ಮೇಲಿಡುತ್ತಾನೆ. ಅದು ಮುಗಿಯುವತನಕ ರೆಫರಿ ಸೀಟಿ ಊದುವುದಿಲ್ಲ. ನಾನು ಷೂ ದಾರ ಕಟ್ಟಲು ಬಗ್ಗಿದರೆ ಸಾಕು, ಊದುತ್ತಾನೆ!

ಗೆದ್ದ ತಂಡಕ್ಕೆ ನಮ್ಮಲ್ಲಿ ಹೋರಿ ಬಹುಮಾನ. ಅದರ ಹಗ್ಗ ಹಿಡಿದು ಅಂಗಳ ಸುತ್ತುವ ಗೌರವ ಒಬ್ಬನಿಗೆ ಮಾತ್ರ. ಊರಿನ ಯಜಮಾನ ಒಬ್ಬೊಬ್ಬರ ಹೆಸರು ಕರೆದಾಗ ಯಾರಿಗೆ ಹೆಂಗಸರು ಬಡಿಯುವ ಬಾಣಲೆ, ಮುಚ್ಚಳಗಳ ಸದ್ದು ಜೋರೋ ಅವನಿಗೆ. ನಾನು ಐವತ್ತರ ಹತ್ತಿರದವನು. ಈ ಹಬ್ಬಕ್ಕೇ ಸಾಕು ಎಂದು ಮೊಣಕಾಲು ಹೇಳಿಬಿಟ್ಟಿತ್ತು. ಒಮ್ಮೆಯಾದರೂ ಆ ಹಗ್ಗ ನನ್ನ ಕೈಗೆ ಬರಬೇಕಿತ್ತು.

ಫೈನಲ್‌ನ ಹಿಂದಿನ ದಿನ, ಹುಳಿಸಾರಿನ ಮೀನಿನ ಮುಂದೆ ಕೂತವರು ಅಂಕ ಗಳಿಸುವವರನ್ನು ಬಿಟ್ಟು, ಹಿಂದೆ ಗೆದ್ದ ತಂಡಗಳ ಸಣ್ಣಪುಟ್ಟ ಆಟಗಾರರನ್ನೇ ತೂಗುತ್ತಿದ್ದರು. ಮೇಲೂರಿನ ಬಾತುಕೋಳಿ ಸಾಕುವವನು ಮೂಲೆಯಿಂದೆಸೆದರೆ ಗುರಿ ತಪ್ಪದು. ಹೊಳೆಯಾಚೆಯ ಗಾರೆ ಕೆಲಸದವನು ಸಿಡಿದುಬಂದ ಚೆಂಡನ್ನು ಬಿಟ್ಟವನಲ್ಲ.

"ಅವರಿಬ್ರನ್ನೂ ಕೊಟ್ರೂ ನಮ್ ದೆಚೂನ್‌ನ ಕೊಡಲ್ಲಪ್ಪ," ಎಂದ ಯಜಮಾನ ಯಾಂಗ್ ಮಾವ.

"ಗೋಡೆ ಕಟ್ಸಿ ನಿಲ್ಸಿದ್ರೂ ಅಷ್ಟೇ ಕೆಲಸ ಮಾಡತ್ತೆ ಮಾವ!" ಎಂದೆ.

"ಆಟದಲ್ಲಿ ನೀನು ಬೈಯೋ ಬೈಗುಳಕ್ಕೆ ಗೋಡೆ ನಿಲ್ಲತ್ತೇನೋ? ಬಿದ್ದೇ ಹೋಗತ್ತೆ."

ಎಲ್ಲರೂ ನಕ್ಕರು. ದೆಚೂನ್ ನಗಲಿಲ್ಲ, ಮೀನಿನ ಕೆನ್ನೆಯ ಮೆತ್ತನೆ ಮಾಂಸ ಬಿಡಿಸಿ ನನ್ನ ಬಟ್ಟಲಿಗೆ ಹಾಕಿದ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಮರುದಿನ ಕೊನೆಯ ಗಳಿಗೆಯಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ದೆಚೂನ್ ಅಡ್ಡ ನಿಂತ, ಎದುರಾಳಿ ಬಂದಪ್ಪಳಿಸಿದ, ಇಬ್ಬರೂ ನೆಲಕ್ಕುರುಳಿದರು. ನಾನೆಸೆದೆ, ಗೆದ್ದೆವು.

ಯಾಂಗ್ ಮಾವ ಮೊದಲು "ವು" ಎಂದು ನನ್ನ ಹೆಸರನ್ನೇ ಕರೆದ. ಮುಚ್ಚಳಗಳು ಚೆನ್ನಾಗಿಯೇ ಬಡಿದವು. ನಾನು ಹಗ್ಗಕ್ಕೆ ಕೈ ಚಾಚಿಯೂ ಆಗಿತ್ತು. ಆಮೇಲೆ "ಪಾನ್ ದೆಚೂನ್" ಎಂದ. ಬೆಟ್ಟವೇ ಕಳಚಿ ಬಿದ್ದಂಥ ಸದ್ದಾಯಿತು. ಮುಂದಿನ ಸಾಲಿನಲ್ಲಿ ನಿಂತು, ಬಾಣಲೆ ಜಜ್ಜಿಹೋಗುವಂತೆ ಬಡಿಯುತ್ತಿದ್ದವಳು ನನ್ನ ಹೆಂಡತಿ ಲಿಯೆನ್‌ಮೆಯ್.

"ಏನೇ ಇದು? ನಾನ್ಯಾರೇ ನಿಂಗೆ?"

"ನಿಮ್ ಹೆಸರು ಕೂಗೋಕೆ ನೀವೇ ಇದೀರಲ್ಲ. ಅವನಿಗ್ಯಾರಿದಾರೆ?"

ದೆಚೂನ್ ತನ್ನ ಕೈಗೆ ಬಂದ ಹಗ್ಗವನ್ನು ನನ್ನತ್ತ ಚಾಚಿದ. "ನೀನೇ ಹಿಡಿಯೋ, ವು. ನಂಗೆ ಹೋರಿ ಅಂದ್ರೆ ಭಯ." ಊರೆಲ್ಲ ಗೊಳ್ಳೆಂದು ನಕ್ಕು ಅವನನ್ನೇ ಮುಂದಕ್ಕೆ ತಳ್ಳಿತು. ಹೋರಿಯ ಬಾಲದ ಹಿಂದೆ, ಸೆಗಣಿ ತಪ್ಪಿಸಿಕೊಳ್ಳುತ್ತ, ನಾನೂ ಸುತ್ತು ಹಾಕಿದೆ.

ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ. ಜಂಬದವನನ್ನು ಬೈಯಬಹುದು, ಮೋಸಗಾರನಿಗೆ ಎರಡು ಬಿಗಿಯಬಹುದು. ಪರರ ಗೆಲುವಿಗೆ ಎದೆಯೊಡ್ಡಿ ನಿಲ್ಲುವ ಈ ಬಗೆಯ ಜನ ಏನನ್ನೂ ಕೇಳುವುದಿಲ್ಲ. ಆದರೂ ಊರಿನ ಪ್ರೀತಿಯೆಲ್ಲ ತಾನಾಗಿ ಅವರ ಬಾಗಿಲಿಗೆ ಹೋಗಿ ಕೂರುತ್ತದೆ. ನಮ್ಮಂಥವರು ಸಿಟ್ಟು ತೀರಿಸಿಕೊಳ್ಳೋಣವೆಂದರೆ, ಒಂದೇ ಒಂದು ತಪ್ಪನ್ನೂ ಅವರು ನಮಗೆ ಉಳಿಸಿರುವುದಿಲ್ಲ.