ಎತ್ತಿ ಕಟ್ಟಿದ ಪರದೆ

ಆಷಾಢದ ಗಾಳಿ, ಸಹೃದಯರೇ, ಆ ದಿನ ತಾಯಲೂರಿನ ಬಯಲಿನ ಮೇಲೆ ಹಗೆ ಸಾಧಿಸುತ್ತಿತ್ತು! ಹುಣಸೆಯ ಕೊಂಬೆಗಳನ್ನು ಮುರಿದು, ಕೆಮ್ಮಣ್ಣನ್ನು ಗಗನಕ್ಕೆರಚಿ, ಪ್ರಭಾತದ ಪ್ರಭೆಯನ್ನೇ ರಕ್ತವರ್ಣಕ್ಕೆ ತಿರುಗಿಸಿ, ಬಂಡೆಗಳ ಸಂದಿನಲ್ಲಿ ಆರ್ಭಟಿಸುತ್ತಿತ್ತು... ಸಾವಿರದ ಒಂಬೈನೂರ ಎಂಬತ್ತೆರಡನೆಯ ಇಸವಿ. ಆ ಧೂಳಿನೊಳಗೆ ಮೂವರು ಬಸ್ಸಿನಿಂದಿಳಿದರು: ಕೋಲಾರದ ಗುಮಾಸ್ತ ಕೋದಂಡರಾಮಪ್ಪ, ಮಡದಿ ಅನಸೂಯಮ್ಮ, ಎಂಟು ವರ್ಷದ ಮಗಳು ಶಾಮಲ.

ಅವರು ಬಂದದ್ದು ಒಂದು ಕಿಟಕಿಯನ್ನು ನೋಡಲು! ಅನಸೂಯಮ್ಮನ ಆರಾಧ್ಯ ಕಾದಂಬರಿಕಾರನ ಮುತ್ತಾತ ಇಲ್ಲಿನ ಕುರುಚಲು ಕಾಡು ಕಡಿದು ಊರಿನ ಮೊದಲ ಮನೆ ಕಟ್ಟಿದವನು. ಆ ಮನೆಯ ಕಿಟಕಿಯ ಬಳಿ ಕುಳಿತು ಕಾದಂಬರಿಕಾರ ಬರೆದ ಕಥೆಯನ್ನು ಅವಳು ಹನ್ನೆರಡು ವರ್ಷಗಳಿಂದ ಓದಿ ಓದಿ ಅಳುತ್ತಿದ್ದಳು. ನಲ್ಲೆಗಾಗಿ ಪ್ರಾಣವನ್ನೇ ಕೊಡುವ ನಾಯಕ! ಗಂಡನ ಬಾಯಿಂದಲೋ, ಇಷ್ಟು ವರ್ಷಗಳಲ್ಲಿ ಒಂದು ಒಲವಿನ ಮಾತೂ ಹೊರಟಿರಲಿಲ್ಲ. ಇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲವೇನೋ ಎಂಬ ಸಂಶಯ ಅವಳನ್ನು ಕೊರೆಯುತ್ತಿತ್ತು.

"ಆ ಕಿಟಕೀಲಿ ಏನಿದೆ ಕಣೇ ಅಂಥಾದ್ದು? ಬೇಗ ನೋಡ್ಬಿಟ್ಟು ಬಾ, ಸಂಜೆ ಬಸ್ ಹಿಡೀಬೇಕು" ಎಂದ ಕೋದಂಡರಾಮಪ್ಪ.

ಮನೆ ಈಗ ಆ ಲೇಖಕನ ದಾಯಾದಿ ಆವಲಪ್ಪನ ಹುಳುಮನೆ. ರೇಷ್ಮೆಹುಳುಗಳು ನಾಲ್ಕನೆಯ ಪೊರೆ ಕಳಚಿ, ಇನ್ನೇನು ಗೂಡು ಕಟ್ಟುವ ಹೊತ್ತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಎರಡು ವರ್ಷಗಳಿಂದ ಈ ಸೀಮೆಯನ್ನು ಕಾಡುತ್ತಿದ್ದುದರಿಂದ ಬಾಗಿಲಿಗೆ ಬಲೆಯ ಪರದೆ ಬಿಟ್ಟಿದ್ದರು. ಅದನ್ನು ಸರಿಸಲು ಮನೆಯವರೇ ಹೆದರುತ್ತಿದ್ದರು.

ಪಾಪ, ಅನಸೂಯಮ್ಮನ ಕಣ್ಣಿಗೆ ಕಂಡದ್ದು ಕಥೆಯ ಪರದೆ! ಅದರ ನಾಯಕಿ ಬೆಳಕಿಗಾಗಿ ಪರದೆಯನ್ನೆತ್ತಿ ಮೊಳೆಗೆ ಕಟ್ಟುತ್ತಾಳಲ್ಲ... ಇವಳೂ ಹಾಗೆಯೇ ಎತ್ತಿ ಕಟ್ಟಿ ಒಳಗೆ ಕಾಲಿಟ್ಟಳು. ಗಾಳಿ ನುಗ್ಗಿತು, ಅದರ ಬೆನ್ನಿಗೇ ನೊಣಗಳೂ ನುಗ್ಗಿದವು.

"ಎವರಮ್ಮಾ ಅದಿ, ಯಾರದು? ಪರದೆ ಎತ್ತಿದ್ಯಾರು! ಹೋದ ಬೆಳೆ ಪೂರಾ ನೊಣದ ಪಾಲಾಯ್ತು, ಇದನ್ನೂ ಸಾಯಿಸಿದ್ಯಾ!"

ಹಿತ್ತಲಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಆವಲಪ್ಪ ಕತ್ತಿ ಹಿಡಿದೇ ಓಡಿಬಂದಿದ್ದ. ದಿನಗಟ್ಟಲೆ ನಿದ್ದೆಯಿಲ್ಲದ ಕೆಂಡದಂಥ ಕಣ್ಣು! ಅನಸೂಯಮ್ಮನ ಕುತ್ತಿಗೆಗೇ ಬೀಸಿದ.

ಬಾಗಿಲ ಹೊರಗೆ ನಿಂತಿದ್ದ ಕೋದಂಡರಾಮಪ್ಪ ನಡುವೆ ನುಗ್ಗಿ ಬರಿಗೈಯಲ್ಲಿ ಅಲಗನ್ನೇ ಹಿಡಿದ. ಎರಡು ಬೆರಳುಗಳು ಹೊಸ್ತಿಲ ಮೇಲೆ ಬಿದ್ದವು. ಮತ್ತೊಂದು ಏಟಿಗೆ ಭುಜ ಸೀಳಿತು. ಗೋಡೆಯ ಸುಣ್ಣಕ್ಕೆ ನೆತ್ತರು ಚಿಮ್ಮಿತು. ಆದರೂ ಅವನು ಹೆಂಡತಿಯ ಮುಂದಿನಿಂದ ಕದಲಲಿಲ್ಲ. ಶಾಮಲಳ ಚೀತ್ಕಾರಕ್ಕೆ ಮೂರನೆಯ ಬಾರಿ ಎತ್ತಿದ ಕೈ ಅಲ್ಲೇ ನಿಂತಿತು.

"ಅಯ್ಯೋ, ಏನ್ ಮಾಡ್ಬಿಟ್ಟೆ ಸ್ವಾಮೀ!" ಆವಲಪ್ಪ ಕತ್ತಿ ಎಸೆದು, ತಲೆಗೆ ಸುತ್ತಿದ ಟವೆಲನ್ನೇ ಗಾಯಕ್ಕೆ ಬಿಗಿದು, ಅಳುತ್ತಲೇ ಗಾಡಿ ಕಟ್ಟಿದ.

ಮುಳಬಾಗಿಲಿನ ಆಸ್ಪತ್ರೆಯ ದಾರಿಯುದ್ದಕ್ಕೂ ಗಂಡನ ತಲೆ ಅವಳ ತೊಡೆಯ ಮೇಲಿತ್ತು. ಅವಳ ಸೀರೆಯೆಲ್ಲ ರಕ್ತ. ನಡುದಾರಿಯಲ್ಲಿ ಅವನು ಕಣ್ಣು ತೆರೆದ.

"ಕಿಟಕಿ ನೋಡಿದ್ಯೇನೇ?"

ಎಲ್ಲಿ ನೋಡಿದ್ದಳು! ಹುಳುವಿನ ತಟ್ಟೆಗಳು ಸೂರಿನವರೆಗೂ ಅದನ್ನು ಮರೆಮಾಡಿದ್ದವು.

"ನೋಡಿದೆ ಕಣ್ರೀ... ತುಂಬಾ ಚೆನ್ನಾಗಿತ್ತು."

"ಸರಿ ಬಿಡು. ಅಷ್ಟು ದೂರ ಬಂದಿದ್ದಕ್ಕೆ ನೋಡಿದ್ಯಲ್ಲ" ಎಂದು ಅವನು ಮತ್ತೆ ಕಣ್ಣು ಮುಚ್ಚಿದ.

ಕೋದಂಡರಾಮಪ್ಪ ಬದುಕಿದ, ಉಳಿದ ಬೆರಳುಗಳಲ್ಲೇ ಕಚೇರಿಯ ಕಡತ ಬರೆದ. ಒಲವಿನ ಮಾತು ಆಮೇಲೂ ಆಡಲಿಲ್ಲ. ಒಲವು ಎಲ್ಲರ ನಾಲಿಗೆಗೂ ಬರುವುದಿಲ್ಲ, ಸಹೃದಯರೇ! ಕೆಲವರ ಹೃದಯದಲ್ಲಿ ಅದು ಜೀವಮಾನವೆಲ್ಲ ಮೂಕವಾಗಿಯೇ ಕುಳಿತಿರುತ್ತದೆ... ಅನಸೂಯಮ್ಮ ಮತ್ತೆಂದೂ ಆ ಪುಸ್ತಕ ಓದಿ ಅಳಲಿಲ್ಲ. ಕಿಟಕಿ ನೋಡಿದೆನೆಂಬ ಸುಳ್ಳನ್ನು ಮಾತ್ರ, ತಾಳಿಯಷ್ಟೇ ಜೋಪಾನವಾಗಿ, ಕೊನೆಯವರೆಗೂ ಕಾಪಾಡಿಕೊಂಡಳು.